ಮತ್ತು

ಅನುದಾನ ಬಂದ ವಾರ ಕಚೇರಿಗೊಂದು ಹೊಸ ಫ್ಯಾನು ಬಂತು.
'ಯಂತ್ರವನ್ನು ತಂಪಾಗಿಡಲು' ಎಂದು ಲೆಕ್ಕದಲ್ಲಿ ಬರೆದು
ಸಂಪಾದಕ ಎಲಾದಿಯೊ
ಅದರಡಿ ತಾನೇ ಕೂತ.

ಪರಾಗ್ವೆ ನದಿಯ ದಂಡೆ. ಆರು ಪುಟದ ವಾರಪತ್ರಿಕೆ.
ನಾಲ್ಕು ಜನ, ಸುತ್ತು ಬರುವ ಒಂದೇ ಕೊಂಬಿನ ಬಟ್ಟಲು,
ಅದರಲ್ಲಿ ಸೊಪ್ಪು ನೆನೆದ ತಣ್ಣನೆ ತೆರೆರೆ;
ಒಂದೇ ಕೊಳವೆಯಲ್ಲಿ ಎಲ್ಲರೂ ಹೀರುತ್ತಾರೆ,
ಎಂಜಲೆಂಬ ಮಾತಿಲ್ಲ.

ಸಾಗರದಾಚೆಯ ಪ್ರತಿಷ್ಠಾನ ಕೊಟ್ಟದ್ದು ಹದಿನೆಂಟು ಸಾವಿರ ಡಾಲರು,
ಹತ್ತು ತಿಂಗಳಿಗೆ. ಪ್ರಯೋಗ ಇಷ್ಟೇ:
ಪುರಸಭೆಯಲ್ಲಿ ಆಡಿದ್ದನ್ನೆಲ್ಲ ಕೃತಕ ಬುದ್ಧಿಮತ್ತೆ
ಕೇಳಿಸಿಕೊಂಡು, ಬರೆದು, ಸಾರ ಹಿಂಡಿ ಕೊಡಬೇಕು.
ದಾನಕ್ಕೆ ಬಂದ ಆಕಳ ಹಲ್ಲು ಎಣಿಸಬಾರದು ಅಂತಾರೆ.
ಇವರೋ, ಎಣಿಸಿ, ಕೋಷ್ಟಕದಲ್ಲಿ ತುಂಬಿ
ತಿಂಗಳಿಗೊಮ್ಮೆ ಕಳಿಸಿ ಅಂದರು.

ಎಣಿಸುವ ಕೆಲಸ ನಿಮಿಯಾಳದ್ದು.

ಯಂತ್ರ ಬಲು ಚುರುಕು. ಮೇಯರನ ಸ್ಪ್ಯಾನಿಷ್ ಅದಕ್ಕೆ ಬಾಯಿಪಾಠ.
ಕಂತ್ರಾಟುದಾರನ ಕೆಮ್ಮನ್ನು ಸೋಸಿ ಅಂಕಿಯಷ್ಟನ್ನೇ ಹೆಕ್ಕುತ್ತದೆ.
ಇಪ್ಪತ್ತೆರಡು ವರ್ಷ ಶೀಘ್ರಲಿಪಿ ಬರೆದ ನಿಮಿಯಾಳ ಬೆರಳು
ಈಗ ಮೇಜಿನ ಮೇಲೆ
ಏನೋ ನೆನಪಾದ ಹಾಗೆ ಆಗಾಗ ಆಡುತ್ತವೆ.
ಸುಳ್ಳೇಕೆ, ಅವಳಿಗೂ ಖುಷಿಯೇ.
ಐದಕ್ಕೆ ಮನೆಗೆ ಹೋಗಬಹುದು.

ಮೂರನೆಯ ತಿಂಗಳ ಸಭೆಯಲ್ಲಿ ಎದ್ದು ನಿಂತವಳು
ಞಾ ಸೆಫೆರಿನಾ.
(ನಮ್ಮ ವರ್ಣಮಾಲೆಯಲ್ಲಿ ಚವರ್ಗದ ತುದಿಗೆ
ಕೆಲಸವಿಲ್ಲದೆ ಕೂತ ಞ
ಅಲ್ಲಿ ಮುದುಕಿಯರ ಹೆಸರಿನ ಮುಂದೆ ಮರ್ಯಾದೆ.
ಹೋಗಿ ಅದಕ್ಕೊಮ್ಮೆ ಹೇಳಬೇಕು:
ನಿನಗೂ ಒಂದು ಊರಿದೆ ಮಾರಾಯ.)

ದಂಡೆಯ ಕೇರಿಯವಳು. ಹಲಗೆ ಮನೆ. ಮಾತು ಗುವಾರಾನಿ.
ಆ ಮಾತಿನಲ್ಲಿ ನೀರೆಂದರೆ ಒಂದೇ ಅಕ್ಷರ.
ಇ ಅಲ್ಲ, ಉ ಅಲ್ಲ, ಎರಡರ ನಡುವೆ
ಗಂಟಲಲ್ಲಿ ತುಸು ತಡೆದು ಬಿಡುವ ಸ್ವರ.
ಬರೆದರೆ ಮಾತ್ರ
ಸ್ಪ್ಯಾನಿಷಿನ 'ಮತ್ತು'ವಿನ ತದ್ರೂಪು.

ಯಂತ್ರ ಬರೆಯಿತು:

'ರಾತ್ರಿ ಮತ್ತು ಬಂತು.
ಮಂಚದ ಕಾಲಿನ ತನಕ ಮತ್ತು.
ಮೊಮ್ಮಗನನ್ನು ಹೆಗಲಿಗೇರಿಸಿದೆ, ಎದೆಮಟ್ಟ ಮತ್ತು.
ಹೋದ ವರ್ಷವೂ ಹೇಳಿದ್ದೆ.
ಮತ್ತು ಇಳಿದ ಮೇಲೆ ಬರುತ್ತೇವೆ ಅಂದಿರಿ.
ಅಸ್ಪಷ್ಟ. ಅಸ್ಪಷ್ಟ.
ಸುತ್ತಲೂ ಮತ್ತು, ಕುಡಿಯಲು ಮತ್ತು ಇಲ್ಲ.'

ಸಾರಾಂಶ: ನಾಗರಿಕರೊಬ್ಬರು ಹಲವು ವಿಷಯ ಪ್ರಸ್ತಾಪಿಸಿದರು.

ಕಿರಿಯ ವರದಿಗಾರ ಫಾಕುಂದೊ ನಕ್ಕ.
ಆಮೇಲೆ ಕೊಳವೆ ಕಚ್ಚಿಕೊಂಡು ಸುಮ್ಮನಾದ,
ಅವನ ಅಜ್ಜಿಯದೂ ಅದೇ ಕೇರಿ.

ಕೋಷ್ಟಕದ ಪ್ರಶ್ನೆ: ನಿಖರತೆ ಶೇಕಡಾ ಎಷ್ಟು?
ತೊಂಬತ್ತೊಂದು.
ಎರಡನೆಯ ಕಂತಿಗೆ ತೊಂಬತ್ತು ಸಾಕು.
ಉಳಿದ ಒಂಬತ್ತು ಯಾರು ಅಂತ ಕೋಷ್ಟಕ ಕೇಳಲಿಲ್ಲ.
ನಿಮಿಯಾ ಹೆಡ್‌ಫೋನು ಹಾಕಿಕೊಂಡು ಹುಡುಕಿದಳು:
ಞಾ ಸೆಫೆರಿನಾ; ಮೀನಿನ ಪಾಬ್ಲಾ;
ಇಟ್ಟಿಗೆ ಭಟ್ಟಿಯ ಅಕ್ಕತಂಗಿಯರು;
ಚಿಪಾ ಬುಟ್ಟಿ ತಲೆಯ ಮೇಲಿಟ್ಟುಕೊಂಡೇ ಮಾತಾಡಿದ ಎರ್ಮೆಲಿಂದಾ.
ಗಂಡಸರು ಇಬ್ಬರು. ಒಬ್ಬ ಅತ್ತಿದ್ದ.
ನಡುವೆ ನಿಮಿಯಾಳ ಅಮ್ಮನೂ ನೆನಪಾದಳು,
ಶಾಲೆಯಲ್ಲಿ ಈ ಭಾಷೆ ಆಡಿದ್ದಕ್ಕೆ
ಕಲ್ಲುಪ್ಪಿನ ಮೇಲೆ ಮಂಡಿಯೂರಿದವಳು.
ಅವಳನ್ನು ಯಾವ ಶೇಕಡಾದಲ್ಲಿ ಹಾಕುವುದೋ
ತಿಳಿಯಲಿಲ್ಲ.

ಎಲಾದಿಯೊ ಕೆಟ್ಟವನಲ್ಲ. ನಾಲ್ಕು ತಿಂಗಳ ಬಾಡಿಗೆ ಬಾಕಿ.
'ಕಂತು ಬರಲಿ, ಆಮೇಲೆ ಇದನ್ನೂ ಬರೆಯೋಣ' ಅಂದ.
ಇಳಿದ ಮೇಲೆ ಬರುತ್ತೇವೆ ಅಂದ ಹಾಗೇ ಕೇಳಿಸಿತು,
ಅವನಿಗೇ.
ಫ್ಯಾನು ಆರಿಸಿದ.

ಶುಕ್ರವಾರ ಮುಖಪುಟದಲ್ಲಿ
ಯಂತ್ರ ಬರೆದದ್ದೇ ಬಂತು, ಒಂದಕ್ಷರ ತಿದ್ದದೆ.
ಊರಿಗೆ ಓದಲು ಕಷ್ಟವಾಗಲಿಲ್ಲ;
ಆ ಒಂಟಿ ಅಕ್ಷರ ಬಂದಲ್ಲೆಲ್ಲ
ತುಟಿಗಳು ತಾವೇ ತುಸು ತಡೆದು
ಗಂಟಲಿಂದ ನೀರು ಅಂದವು.
ಮೇಯರ್ ಮಾತ್ರ ಮುದ್ರಣದೋಷ ಅಂದನಂತೆ.

ವರದಿಯ ಜೊತೆ ಆ ಪುಟವನ್ನೂ ಕಳಿಸಿದ್ದಾರೆ.
ಅಲ್ಲಿ ಅದನ್ನು ಮನುಷ್ಯರು ಓದುತ್ತಾರೋ ಏನೋ.
ಉತ್ತರ ಬಂದಿಲ್ಲ.
ಬಂದರಿನ ಅಳತೆಪಟ್ಟಿಯಲ್ಲಿ ಇವತ್ತು
ಐದು ಮೀಟರು ನಲವತ್ತು,
ಮತ್ತು ಏರುತ್ತಿದೆ.