ಕೊನೆಯ ಟ್ರಾಮಿಗೆ ಮುಂಚೆ

ಈ ಚಿತ್ರವನ್ನು ನಾನು ಇನ್ನೂರ ಹನ್ನೊಂದು ಸಲ ನೋಡಿದ್ದೇನೆ,
ಅಂದರೆ, ನೋಡಿಲ್ಲ.
ಟಾರ್ಚು ಹಿಡಿದವಳಿಗೆ ಪರದೆ ಯಾವಾಗಲೂ ಬೆನ್ನ ಹಿಂದೆ.
ಇಲ್ಲಿ, ಎರಡು ಸೀಟು ಒಳಗೆ, ಕಾಲು ಜೋಪಾನ,
ಕೋಟು ಮಡಿಲಲ್ಲಿಟ್ಟುಕೊಳ್ಳಿ ಸೆನ್ಯೋರಾ,
ಅನ್ನುವಷ್ಟರಲ್ಲಿ ಅವಳು ಹಳ್ಳಿ ಬಿಟ್ಟು ಬಂದಾಗಿರುತ್ತದೆ,
ಯಾರನ್ನೋ ನಂಬಿ ಕೆಟ್ಟಾಗಿರುತ್ತದೆ,
ಹೊಗೆ ತುಂಬಿದ ಕ್ಯಾಬರೆಯಲ್ಲಿ ಸೊಂಟಕ್ಕೆ ಕೈ ಕೊಟ್ಟು
ಮೊದಲ ಕುಪ್ಲೆಗೆ ಬಾಯಿ ತೆರೆದಾಗಿರುತ್ತದೆ.

ಕಥೆ ನನಗೆ ಗೊತ್ತಾದದ್ದು ಮುಖಗಳಿಂದ.
ಅವಳು ಹಸಿರು ರೇಷ್ಮೆಯಲ್ಲಿ ಬಂದರೆ
ಕಟುಕ ಫುಲ್ಹೆನ್ಸಿಯೊನ ಬೋಳುತಲೆ ಹಸಿರು.
ಕೆಂಪಿನಲ್ಲಿ ಬಂದರೆ ಮೂರು ಸಾಲು ಜ್ವರ ಬಂದ ಹಾಗೆ.
ಪಿಯಾನೊದವನ ಕಾಗದ ಬಂತೋ
ಕೈಚೀಲಗಳು ಟಿಕ್ ಟಿಕ್ ತೆರೆದುಕೊಳ್ಳುತ್ತವೆ.

'ಅತಿ ಅಪಾಯಕಾರಿ' ಎಂದು ಚರ್ಚಿನ ಬಾಗಿಲಿಗೆ ಚೀಟಿ ಅಂಟಿಸಿದ ದಿನವೇ
ಬಾಲ್ಕನಿ ಪೂರ್ತಿ ಭರ್ತಿ.
ಜಪಸರ ಇನ್ನೂ ಬೆರಳಲ್ಲೇ ಇತ್ತು ಕೆಲವರಿಗೆ.
ಮೊದಲು ಸುದ್ದಿಚಿತ್ರ: ಯಾರೋ ಮಂತ್ರಿ, ಇನ್ನೊಂದು ಅಣೆಕಟ್ಟು,
ಆಮೇಲೆ ಕತ್ತಲು, ಆಮೇಲೆ ಆ ಕಂಠ.
ಹೊರಗೆ ಸಾರಗೋಸಾದ ಬಡಗಣ ಗಾಳಿ
ಪೋಸ್ಟರಿನ ಅವಳ ಭುಜವನ್ನು ಕಿತ್ತುಕೊಂಡು
ಎಬ್ರೊ ನದಿಯ ಕಡೆ ಓಡುತ್ತಿತ್ತು.

ಗುರುವಾರಗಳಲ್ಲಿ ಒಬ್ಬಳು ಬರುತ್ತಿದ್ದಳು.
ದೋನ್ಯಾ ಒಬ್ದುಲಿಯಾ. ಹದಿನಾಲ್ಕನೇ ಸಾಲು, ಅಂಚಿನ ಸೀಟು.
ಬೀದಿಯಂಚಿನಲ್ಲಿ ಗುಂಡಿ, ದಾರ, ಲೇಸು ಮಾರುವವಳು.
ಅವಳು ಕೈಗಿಡುವ ಹತ್ತು ಸೆಂಟಿಮೊ
ಬೆಚ್ಚಗಿರುತ್ತಿತ್ತು, ಮೊಟ್ಟೆಯ ಹಾಗೆ.
ಎಲ್ಲರೂ ಅಳುವ ಜಾಗದಲ್ಲಿ ಅವಳು ಅಳುತ್ತಿರಲಿಲ್ಲ.
ಪರದೆಯವಳು ಎತ್ತರದ ಸ್ವರಕ್ಕೆ ಏರುವ ಅರೆಗಳಿಗೆ ಮೊದಲು
ಇವಳು ಉಸಿರು ಎಳೆದುಕೊಳ್ಳುತ್ತಿದ್ದಳು.
ಹೊಟ್ಟೆಯಿಂದ. ಭುಜ ಅಲ್ಲಾಡದ ಹಾಗೆ.
ಆಮೇಲೆ ಆ ಉಸಿರನ್ನು ಏನೂ ಮಾಡದೆ ಬಿಟ್ಟುಬಿಡುತ್ತಿದ್ದಳು.

ಕೊನೆಯ ಹಾಡು ಶುರುವಾಗುವ ಮೊದಲು ಏಳುವಳು,
ಪ್ರತಿ ಸಲ.
ನನಗೆ ಇಪ್ಪತ್ತೆರಡು ವರ್ಷ, ನಾನು ಏನೇನೋ ಕಟ್ಟಿಕೊಂಡಿದ್ದೆ:
ಸತ್ತ ಪ್ರಿಯಕರ, ಯುದ್ಧ, ಪ್ಯಾರಿಸ್ಸು, ಒಂದು ಮಗು.
ಫೆಬ್ರವರಿಯಲ್ಲಿ ಒಮ್ಮೆ ತಡೆಯಲಾರದೆ ಕೇಳಿಯೇಬಿಟ್ಟೆ,
ಕೊನೆ ನೋಡಲಾಗುವುದಿಲ್ಲವೇ ನಿಮಗೆ?

'ತೊರ್ರೆರೊಗೆ ಕೊನೆಯ ಟ್ರಾಮ್ ಹೋಗಿಬಿಡುತ್ತದಲ್ಲ ಮಗಳೇ.'

ಪಡಸಾಲೆಯ ಕನ್ನಡಿ ಮುಂದೆ ನಿಂತು ಒಂದು ಕೈಗವಸು ಏರಿಸುತ್ತ ಕೇಳಿದಳು,
'ಏನಾಗುತ್ತಾಳೆ, ಕೊನೆಗೆ?'

ಸಾಯುತ್ತಾಳೆ. ಇಡೀ ಊರಿಗೆ ಗೊತ್ತು.
ಕ್ಯಾಬರೆಯ ಮೆಟ್ಟಿಲ ಮೇಲೆ, ಹಿಮದಲ್ಲಿ,
ಪಿಯಾನೊದವನು ಬರುವುದು ಒಂದು ನಿಮಿಷ ತಡವಾಗಿ.
ನಾನು ಹೇಳಿದೆ:
ಏನೂ ಆಗುವುದಿಲ್ಲ. ಹಾಡು ಮುಗಿಸಿ ಮನೆಗೆ ಹೋಗುತ್ತಾಳೆ.
ಬಿಸಿನೀರಿಗೆ ಉಪ್ಪು ಹಾಕಿ
ಕಾಲು ಅದ್ದಿ ಕೂರುತ್ತಾಳೆ.

ಅವಳು ನನ್ನನ್ನು ನೋಡಿದಳು.
ತುಂಬ ಹೊತ್ತು ನೋಡಿದಳು.

'ಉಪ್ಪಲ್ಲ,' ಎಂದಳು. 'ವಿನಿಗರ್.
ಹಿಮ್ಮಡಿ ಒಡೆದಿರುತ್ತದಲ್ಲ, ಉಪ್ಪು ಉರಿಯುತ್ತದೆ.'

ಬಾಗಿಲು ತೆರೆದದ್ದಕ್ಕೆ ಗಾಳಿ ಒಳಗೆ ನುಗ್ಗಿ
ಟಿಕೆಟ್ಟಿನ ಚೂರುಗಳನ್ನೆಲ್ಲ ಒಮ್ಮೆ ಎಬ್ಬಿಸಿ ಕೂರಿಸಿತು.

ಆ ರಾತ್ರಿ ನಾನು ಟಾರ್ಚು ಆರಿಸಿ
ಪರದೆಗೆ ಮುಖ ಮಾಡಿ ನಿಂತೆ.
ಅವಳು ಬಿದ್ದಿದ್ದಳು, ಬೇಕಾದಷ್ಟು ಚೆಂದವಾಗಿ.
ಹಿಮವೂ ಅವಳ ರೆಪ್ಪೆಯನ್ನು ಕೇಳಿಯೇ ಇಳಿಯುತ್ತಿತ್ತು.
ಲಂಗದ ಅಂಚಿನಿಂದ ಷೂಗಳು ನಮ್ಮ ಕಡೆ ತಿರುಗಿದ್ದವು,
ಅಟ್ಟೆ ಕಾಣುವ ಹಾಗೆ.
ಒಂದು ಗೀರೂ ಇರಲಿಲ್ಲ ಅಟ್ಟೆಯಲ್ಲಿ.

ದೀಪ ಹತ್ತಿದ ಮೇಲೆ
ಹದಿನಾಲ್ಕನೇ ಸಾಲಿನಡಿ ಸೂರ್ಯಕಾಂತಿ ಬೀಜದ ಸಿಪ್ಪೆ ಗುಡಿಸುವಾಗ
ಒಂದು ಕೈಗವಸು ಸಿಕ್ಕಿತು. ಎಡಗೈಯದು. ಹೆಬ್ಬೆರಳಿಗೆ ಹೊಲಿಗೆ.
ಗುರುವಾರ ಕೊಡೋಣವೆಂದು ಟಿಕೆಟ್ಟಿನ ಗೂಡಿನಲ್ಲಿ ಇಟ್ಟಿದ್ದೇನೆ.

ಸೋಮವಾರದಿಂದ ಹೊಸ ಚಿತ್ರ.
ಕುದುರೆಗಳಿವೆಯಂತೆ, ಹಾಡಿಲ್ಲ.