ಇನ್ನೂರ ಹನ್ನೊಂದನೆಯ ಪುಟ

ಗುಲಿಕೊ ಮಾಸ್, ನೀವು ಕೇಳಿದ್ದು ಒಂದೇ ಪ್ರಶ್ನೆ:
ಓದಿದಾಗ ನಿನಗೇನನ್ನಿಸಿತು?
‘ನಿನಗೆ’ ಎಂಬುದರ ಕೆಳಗೆ ಎರಡು ಗೆರೆ ಎಳೆದಿರಿ,
ಸೀಮೆಸುಣ್ಣ ಮುರಿದು
ಮೊದಲ ಬೆಂಚಿನಡಿ ಉರುಳಿತು.

ನಿಜ ಹೇಳಲೆ?
ಆ ದಂಡನಾಯಕನ ಪ್ರೇಮ ನನ್ನನ್ನು ಮುಟ್ಟಲಿಲ್ಲ.
ಮುನ್ನೂರು ಪುಟ ನಿಟ್ಟುಸಿರಿಟ್ಟ,
ಕುದುರೆಗೆ ಒಮ್ಮೆಯೂ ನೀರು ಕುಡಿಸಲಿಲ್ಲ.
ಬದ್ರಿ ಮೂಗೊರೆಸಿಕೊಂಡ, ಇರ್ಮಾ ಕೊನೆಯ ಸಾಲುಗಳನ್ನು
ಅಂಗೈಗೆ ಬರೆದುಕೊಂಡಳು.
ನಾನು ಕಿಟಕಿಯಾಚೆ ಚಿಮಣಿ ನೋಡುತ್ತಿದ್ದೆ.
ನಮ್ಮ ಜೆಸ್ತಫೋನಿಯಲ್ಲಿ ಒಗೆದು ಹಾಕಿದ ಬಿಳಿ ಅಂಗಿ
ಒಣಗುವಷ್ಟರಲ್ಲಿ ಬೂದಿ.

ನನಗೆ ಅನ್ನಿಸಿದ್ದು ಇನ್ನೂರ ಹನ್ನೊಂದನೆಯ ಪುಟದಲ್ಲಿ,
ಕೆಳಗಿನಿಂದ ನಾಲ್ಕನೆಯ ಸಾಲು:
ಆ ಚಳಿಗಾಲ ರೊಟ್ಟಿಯವನೂ ಸತ್ತ.
ಅಷ್ಟೆ. ಚುಕ್ಕೆ.
ಮುಂದಿನ ಸಾಲಿಗೆ ದಂಡನಾಯಕನ ಪತ್ರ ಬಂತು.

ರೊಟ್ಟಿಯವನೂ.
ಆ ಒಂದಕ್ಷರದ ಬಾಲದ ಮೇಲೆ
ನನಗೆ ಎಂಥ ಸಿಟ್ಟು ಬಂತೆಂದರೆ
ಪುಸ್ತಕ ಮುಚ್ಚಿ ಅದರ ಮೇಲೆ ಕೂತುಬಿಟ್ಟೆ.

ನಮ್ಮಪ್ಪ ಬೆಳಗಿನ ನಾಲ್ಕಕ್ಕೆ
ಮಣ್ಣೊಲೆಯ ಬಾಯಿಗೆ ಸೊಂಟದವರೆಗೆ ಬಾಗುತ್ತಾನೆ,
ಬಾವಿಯಲ್ಲಿ ಬಿದ್ದ ಬಿಂದಿಗೆ ಹುಡುಕುವವನ ಹಾಗೆ.
ಕಾಲು ನೆಲ ಬಿಟ್ಟಿರುತ್ತವೆ.
ಒಳಗೋಡೆಗೆ ಹಿಟ್ಟು ತಟ್ಟಿ ತಟಕ್ಕನೆ ಮೇಲೇಳುತ್ತಾನೆ,
ಉಸಿರು ಹಿಡಿದು, ಮತ್ತೆ ಬಾಗುತ್ತಾನೆ.
ಹುಬ್ಬು ಸುಟ್ಟುಹೋಗಿ ಎಷ್ಟೋ ವರ್ಷವಾಯಿತು.
ಆಶ್ಚರ್ಯವಾದರೂ ಅವನ ಮುಖ ಹೇಳುವುದಿಲ್ಲ.

ಅವನಿಗೆ ಆ ಸಾಲು ಓದಿ ಹೇಳಿದೆ.
ಕೈ ಒರೆಸಿಕೊಂಡ, ಸ್ವಲ್ಪ ಹೊತ್ತು ಸುಮ್ಮನಿದ್ದ.
‘ಸರಿ, ಮಾರನೆ ಬೆಳಿಗ್ಗೆ ರೊಟ್ಟಿ ಸುಟ್ಟವರು ಯಾರು?’

ಪುಟ ತಿರುವಿದೆ. ಇನ್ನೂರ ಹದಿನಾಲ್ಕರಲ್ಲಿ ಔತಣ.
ಮೇಜಿನ ಮೇಲೆ ರೊಟ್ಟಿ ಇದೆ ಮಾಸ್,
ಬಿಸಿಬಿಸಿ ಅಂತ ಬೇರೆ ಬರೆದಿದ್ದಾರೆ.

ಇನ್ನು ಆ ಸಿನಿಮಾ.
ಭೂಪಟದ ಮೇಲೆ ನೀವು ಹಾಸಿಗೆಯ ಚಾದರ ಇಳಿಬಿಟ್ಟಿರಿ,
ಮಡಿಕೆಯ ಗೆರೆ ಎಲ್ಲರ ಮುಖದ ಮೇಲೂ ಹಾದುಹೋಗುತ್ತಿತ್ತು.
ಯುದ್ಧ ಮುಗಿಸಿ ಬಂದವನು
ತನ್ನದೇ ಮನೆಯ ಬಾಗಿಲು ತಟ್ಟಲು ಕೈಯೆತ್ತಿದ, ಕರೆಂಟು ಹೋಯಿತು.
‘ಉಳಿದದ್ದು ಮುಂದಿನ ಗುರುವಾರ’ ಅಂದಿರಿ.

ಆ ಒಂದು ವಾರ ಅವನು ನನ್ನ ಜೊತೆಗಿದ್ದ.
ಚಿಲ್ಲರೆ ಎಣಿಸುವಾಗ ಕೈಯೆತ್ತಿ ನಿಂತಿದ್ದ,
ಪಾತ್ರೆ ತೊಳೆಯುವಾಗ ನಿಂತಿದ್ದ.
ಒಳಗೆ ಯಾರಿರಬಹುದು? ಯಾರೂ ಇಲ್ಲದಿರಬಹುದೆ?
ತಟ್ಟದೆ ಹಿಂದಿರುಗಿದರೆ ಎಲ್ಲಿಗೆ ಹೋಗುತ್ತಾನೆ?
ನಾಲ್ಕು ಬೇರೆ ಬೇರೆ ಹೆಂಡತಿಯರನ್ನು
ಆ ಬಾಗಿಲ ಹಿಂದೆ ನಿಲ್ಲಿಸಿ ನೋಡಿದೆ.

ಗುರುವಾರ ತಟ್ಟಿದ. ತೆರೆದರು. ತಬ್ಬಿಕೊಂಡರು.
ಪಿಟೀಲು ಮೊಳಗಿತು, ತರಗತಿಯೆಲ್ಲ ಅತ್ತಿತು.
ನನಗೂ ಅಳು ಬಂತು, ಆದರೆ ಬೇರೆ ಕಾರಣಕ್ಕೆ:
ನನ್ನ ಮನುಷ್ಯ ಒಳಗೆ ಹೋಗಿಬಿಟ್ಟಿದ್ದ.

ಹತ್ತಕ್ಕೆ ಆರು ಕೊಟ್ಟಿರಿ.
‘ಮುಖ್ಯ ಪಾತ್ರದ ಕುರಿತು ಒಂದು ಮಾತೂ ಇಲ್ಲ’ ಅಂತ ಕೆಂಪು ಶಾಯಿಯಲ್ಲಿ.
ಅದರ ಪಕ್ಕ ಪೆನ್ಸಿಲಿನಲ್ಲಿ, ಸಣ್ಣಗೆ,
ಬಹುಶಃ ರಾತ್ರಿ ಬಹಳ ಹೊತ್ತಾದ ಮೇಲೆ:
‘ಅವನ ಹೆಸರೇನು?’

ಪುಸ್ತಕದಲ್ಲಿಲ್ಲ ಮಾಸ್. ಮೂರು ಸಲ ಹುಡುಕಿದೆ.
ಹುಡುಕುತ್ತಿರುವಾಗ ಹೊರಗೆ ಲಾರಿ ನಿಂತಿತು.
ಹೆಗಲಿಗೆ ಹಿಟ್ಟಿನ ಮೂಟೆ ಹೊತ್ತು ಒಬ್ಬ ಒಳಗೆ ಬಂದ,
ಪ್ರತಿ ಮಂಗಳವಾರ ಬರುವವನೇ, ನಾನು ಮೊಣಕಾಲೆತ್ತರ ಇದ್ದಾಗಿನಿಂದ.
ರೆಪ್ಪೆಯೆಲ್ಲ ಬಿಳಿ.
ನನ್ನ ಆರು ಅಂಕದ ಸಿಟ್ಟು ಗಂಟಲಲ್ಲೇ ಸಿಕ್ಕಿಕೊಂಡಿತು.

‘ನಿಮ್ಮ ಹೆಸರೇನು?’ ಅಂದೆ.

ಮೂಟೆ ಇಳಿಸಿ, ಗಾಬರಿಯಿಂದ ನನ್ನನ್ನು ನೋಡಿ ಅಂದ:
‘ಯಾಕಮ್ಮ, ತೂಕ ಕಡಿಮೆ ಬಿತ್ತೆ?’