ಇನ್ನೂರ ನಲವತ್ತು

ವೆನ್ಲಾಕ್ ಆಸ್ಪತ್ರೆಯ ಎದುರು ನಮ್ಮ ಮೆಡಿಕಲ್,
ರಾತ್ರಿ ಪಾಳಿ ನನ್ನದು.
ಮೇ ತಿಂಗಳ ಸೆಕೆಗೆ ಇಲ್ಲಿ ಫ್ಯಾನೂ ಬೆವರುತ್ತದೆ,
ತಣ್ಣಗಿರುವುದು ಇನ್ಸುಲಿನ್ ಇಡುವ ಫ್ರಿಜ್ಜು ಒಂದೇ.

ಗುರುವಾರ, ಒಂದೂಕಾಲಿಗೆ, ಬೀಫಾತಿಮ್ಮ ಬಂದರು.
ಹೆಸರು ಆಮೇಲೆ ತಿಳಿದದ್ದು. ಆಗ ಬರೀ ಒಂದು ಚೀಟಿ,
ಚೀಟಿ ಹಿಡಿದ, ಬೀಡಿ ಕಟ್ಟಿ ಸವೆದ ಬೆರಳು.
ಬಿಲ್ಲು ಒಂಬೈನೂರ ತೊಂಬತ್ತು.
ಎಣಿಸಿದರು. ಪರ್ಸಿನ ಒಳಜೇಬು ಮಗುಚಿ ಮತ್ತೆ ಎಣಿಸಿದರು.
ಇನ್ನೂರ ನಲವತ್ತು ಕಮ್ಮಿ.
"ಒಂದು ಇಂಜೆಕ್ಷನ್ ತೆಗೆದಿಡಿ ಮಾರಾಯ್ರೆ,
ಯಾವುದು ಬೇಡವೋ ಅದು" ಎಂದರು,
ಯಾವುದು ಬೇಡವೆಂದು ನನಗೆ ಗೊತ್ತಿರುವ ಹಾಗೆ.

ನನ್ನ ಕೈ ಅಂಗಿಯ ಕಿಸೆಗೆ ಹೋಯಿತು.
ನಾನು ಕಳಿಸಿದ್ದಲ್ಲ.
ಸೊಳ್ಳೆ ಕಚ್ಚಿದಲ್ಲಿಗೆ ಹೋಗುತ್ತದಲ್ಲ, ಹಾಗೆ.

ಲ್ಯಾನ್ಸಿ ನಕ್ಕ: "ನಿಮಗೆ ಹೀರೋ ಆಗುವ ಚಟ, ವಾಮನಣ್ಣ.
ಇನ್ನೂರ ನಲವತ್ತಕ್ಕೆ ಇಂಥ ನಿದ್ದೆ ಎಲ್ಲಿ ಸಿಗ್ತದೆ?
ನಮ್ಮ ಮಾತ್ರೆಗೇ ಅದಕ್ಕಿಂತ ಜಾಸ್ತಿ ಉಂಟು."
ಧಣಿ: "ಒಳ್ಳೇದಾಯ್ತು. ಗಿರಾಕಿ ಉಳಿದರು."
ಅಮ್ಮ ಏನೂ ಹೇಳದೆ ದೇವರ ಪಟದ ಕಡೆ ನೋಡಿದಳು,
ಪಾಸ್‌ಬುಕ್ಕಿನಲ್ಲಿ ಜಮೆ ಬಿದ್ದಿದೆಯೋ ಎಂದು ನೋಡುವ ಹಾಗೆ.
ಎಲ್ಲರದ್ದೂ ಸರಿಯೇ ಇರಬಹುದು.
ಮಂಗಳವಾರದ್ದು ಮಾತ್ರ ನಾನು ಯಾರಿಗೂ ಹೇಳಿರಲಿಲ್ಲ.

ಮಂಗಳವಾರ ಒಬ್ಬ ಹುಡುಗ.
ಎಡಗಾಲ ಚಪ್ಪಲಿಯ ಬಾರಿಗೆ ಸೇಫ್ಟಿ ಪಿನ್ನು.
ಅವನಿಗೆ ಕಮ್ಮಿಯಿದ್ದದ್ದು ಎಂಬತ್ತೇ.
ಸಾಲಿನಲ್ಲಿ ಆರು ಜನ, ಆರೂ ಜನ ಮೊಬೈಲು ನೋಡುತ್ತಿದ್ದರು.
ಯಾರಾದರೂ ಕೊಟ್ಟಾರು ಎಂದು ನಾನು ಅವರನ್ನು ನೋಡಿದೆ.
ಅಂಗಡಿಯವರಲ್ಲವಾ, ಬಿಟ್ಟಾರು ಎಂದು
ಅವರು ನನ್ನನ್ನು.
ಏಳು ಜನರಲ್ಲಿ ಹಂಚಿಹೋದ ಎಂಬತ್ತು ರೂಪಾಯಿ
ಎಷ್ಟು ಚಿಲ್ಲರೆಯಾಗುತ್ತದೆ, ಎಷ್ಟು ಹಗುರ!
"ನಾಳೆ ಬಾ" ಎಂದೆ.
ನಾಳೆ ಅವನು ಬರಲಿಲ್ಲ.
ಔಷಧ ಯಾರಿಗಿತ್ತೋ,
ನಾಳೆ ಎಂಬುದು ಅವರಿಗಿತ್ತೋ,
ಗೊತ್ತಿಲ್ಲ. ಆ ಗೊತ್ತಿಲ್ಲದ್ದೇ ಪಿನ್ನು.

ಗುರುವಾರ ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ,
ಅದೂ ಒಂದು ಕಾರಣವಿರಬೇಕು.
ಪಾಲು ಹಾಕಲು ಜನ ಸಿಗದೆ
ಅವರ ಕಷ್ಟ ಇಡಿಯಾಗಿ ನನ್ನ ಕೌಂಟರಿಗೇ ಬಂತು.
ಪೊಟ್ಟಣ ಕೊಡುವಾಗ ಬೀಫಾತಿಮ್ಮನ ಮುಖ ನೋಡಲಿಲ್ಲ ನಾನು.
ಕಾಲು ನೋಡಿದೆ.

ಆಮೇಲಿನ ಹತ್ತು ದಿನ ನಾನು ಸ್ವಲ್ಪ ಎತ್ತರವಿದ್ದೆ.
ಹಂಪನಕಟ್ಟೆಯ ಸಿಗ್ನಲಿನಲ್ಲಿ, ಸಿಟಿ ಬಸ್ಸಿನ ಬಾಗಿಲಲ್ಲಿ ನೇತಾಡುವಾಗಲೂ
ನನ್ನೊಳಗೆ ಸಾಲ ಕೊಟ್ಟವನೊಬ್ಬ
ಕಿಟಕಿ ಪಕ್ಕದ ಸೀಟು ಹಿಡಿದು ಕೂತಿದ್ದ.

ಹನ್ನೊಂದನೆಯ ದಿನ ತೊಕ್ಕೊಟ್ಟಿನಿಂದ ಅವರು ಬಂದರು.
ಮಗಳು ಮನೆಗೆ ಬಂದಳಂತೆ, ಗಂಜಿ ಉಣ್ಣುತ್ತಾಳಂತೆ.
ಬೀಡಿ ಡಿಪೋದ ಮಜೂರಿ, ಹತ್ತರದ್ದು, ಇಪ್ಪತ್ತರದ್ದು,
ಒಂದೊಂದು ನೋಟಿಗೂ ಹೊಗೆಸೊಪ್ಪಿನ ವಾಸನೆ.
ಜೊತೆಗೆ ಒಂದು ಕಟ್ಟು ಬಸಳೆ.
"ಬೇಡ" ಎಂದೆ. "ಇರಲಿ" ಎಂದೆ.
"ಅದೆಂತ ದೊಡ್ಡ ವಿಷಯ" ಎಂದೆ.
ಒಂದೊಂದು ಮಾತಿಗೂ ಅವರ ಮುಖ ಕಿರಿದಾಯಿತು.
ಕೊನೆಗೆ ನೋಟುಗಳನ್ನು ಗಾಜಿನ ಮೇಲಿಟ್ಟು, ಕೈ ತೆಗೆಯದೆ:
"ನಾನು ಕೊಡಬಾರದಾ?"

ತಕ್ಕೊಂಡೆ.
ಅವರೆದುರೇ ಎಣಿಸಿದೆ, ನಿಧಾನಕ್ಕೆ, ಬೆರಳಿಗೆ ಎಂಜಲು ಹಚ್ಚಿ.
ಕೊಡುವಾಗ ಇಷ್ಟು ಕಷ್ಟವಾಗಿರಲಿಲ್ಲ.
ಸರಿ ಉಂಟು ಎಂದಾಗ ಅವರು ನಕ್ಕರು,
ಚಿಲ್ಲರೆ ಅವರೇ ನನಗೆ ಕೊಟ್ಟ ಹಾಗೆ.

ಅಮ್ಮ ಬಸಳೆಗೆ ಹಲಸಿನ ಬೀಜ ಹಾಕಿ ಪದಾರ್ಥ ಮಾಡಿದಳು,
ಎರಡು ದಂಟು ಬಚ್ಚಲ ನೀರು ಹೋಗುವಲ್ಲಿ ಊರಿದಳು.
ನೂರರವತ್ತು ನನ್ನ ಕಿಸೆಗೆ,
ಎಂಬತ್ತು ಡ್ರಾಯರಿನ ಖಾಲಿ ಮಾತ್ರೆ ಡಬ್ಬಿಗೆ.

ಈಗಲೂ ಚೀಟಿಗಿಂತ ಮೊದಲು ನನ್ನ ಕಣ್ಣು
ಕಾಲಿಗೇ ಹೋಗುತ್ತದೆ.
ಲ್ಯಾನ್ಸಿ ಒಮ್ಮೆ ಡಬ್ಬಿ ಅಲ್ಲಾಡಿಸಿ ಕೇಳಿದ:
"ಇದು ಎಂತದ್ದು, ವಾಮನಣ್ಣ?"
"ಇರಲಿ, ಮುಟ್ಟಬೇಡ.
ಒಬ್ಬರದ್ದು ಉಂಟು."